ಬಂದರಿಕೆಗೆ ಸವರಿದ ಗಿಣ್ಣುಹಾಲು

ಭೂಮಿ ಇನ್ನೂ ಎಳೆಗೂಸಾಗಿದ್ದ ಕಾಲ ಕಣವ್ವಾ. ಆಗ ಬೇಸಿಗೆ ಬಂತೆಂದರೆ ಸಾಕು, ಒಣಬೆಟ್ಟದ ಗಿಡಮರಗಳೆಲ್ಲ ಎಲೆ ಉದುರಿಸಿ ನಿದ್ದೆ ಹೋಗುತ್ತಿದ್ದವು. ಬಂದರಿಕೆ ಗಿಡವೂ ಅಷ್ಟೇ.

ಆ ಬೆಟ್ಟದಲ್ಲಿ ಆಡು ಮೇಯಿಸುವ ಕಾಟಮ್ಮ ಇದ್ದಳು. ಪಾಪ, ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಇದ್ದದ್ದು ಒಂದೇ ಒಂದು ಆಡು, ಬಿಳಿಚುಕ್ಕಿ. ಅದು ತುಂಬಿದ ಗಬ್ಬ. ಒಂದು ಮಧ್ಯಾಹ್ನ ಬಿಸಿಲು ನೆತ್ತಿ ಸುಡುವಾಗ, ನಡುಬೆಟ್ಟದಲ್ಲೇ ಅದಕ್ಕೆ ನೋವು ಶುರುವಾಯಿತು. ಕಾಟಮ್ಮನ ಜೀವ ಬಾಯಿಗೆ ಬಂತು. ನೆರಳು ಸಿಗದಿದ್ದರೆ ತಾಯಿಯೂ ಇಲ್ಲ, ಮರಿಯೂ ಇಲ್ಲ.

"ಮುತ್ತುಗದಣ್ಣ, ಒಂಚೂರು ನೆರಳು ಕೊಡಪ್ಪ."

"ಎಲೆ ಎಲ್ಲಿದೆ ತಾಯಿ? ಮಳೆ ಬರಲಿ, ಆಮೇಲೆ ಬಾ," ಎಂದು ಮುತ್ತುಗ ಆಕಳಿಸಿತು.

"ಬೂರುಗದಣ್ಣ, ನೀನಾದರೂ?"

"ಮಳೆ ಬರಲಿ, ಆಮೇಲೆ ಬಾ."

ಹೆರಿಗೆ ನೋವು ಮಳೆಗೆ ಕಾಯುತ್ತದೆಯೇ? ಸೋಮಾರಿಗಳು!

ಬಂದರಿಕೆ ಆಗಷ್ಟೇ ಎಲೆ ಉದುರಿಸಲು ಹೊರಟಿತ್ತು. ಕಾಟಮ್ಮನ ಮುಖ ನೋಡಿ ತಡೆದುಕೊಂಡಿತು. "ಬಾರವ್ವ. ಮರಿ ಹಾಕುವ ತನಕ ಎಲೆ ಬಿಗಿಹಿಡಿದಿರುತ್ತೇನೆ."

"ಏ ಹುಚ್ಚೀ," ಎಂದಿತು ಗಾಳಿ. "ಎಲೆ ಇದ್ದರೆ ಸೂರ್ಯ ನಿನ್ನ ನೀರೆಲ್ಲ ಹೀರುತ್ತಾನೆ. ಸತ್ತೇ ಹೋಗ್ತೀಯ!"

"ಹೀರಲಿ ಬಿಡು. ಬಾಯಿಬಿಟ್ಟು ಕೇಳಿದವಳಿಗೆ ಇಲ್ಲ ಅನ್ನಲೇ?"

ಸೂರ್ಯ ಹೀರಿದ, ಹೀರಿದ. ಕೊನೆಗೂ ಗಿಡದ ಬುಡದಲ್ಲಿ "ಮ್ಯಾ" ಅಂತು ಒಂದು ಪುಟಾಣಿ ದನಿ. ಕಾಟಮ್ಮ ಅತ್ತೇಬಿಟ್ಟಳು. ಕಣ್ಣೊರೆಸಿಕೊಂಡು ತಲೆಯೆತ್ತಿದರೆ, ಬಂದರಿಕೆಯ ಎಲೆಗಳೆಲ್ಲ ಮುರುಟಿಕೊಂಡಿದ್ದವು.

ಸೋರೆಬುರುಡೆಯಲ್ಲಿ ತಂದ ನೀರನ್ನೆಲ್ಲ ಆಡಿಗೆ ಕುಡಿಸಿಯಾಗಿತ್ತು, ಗಿಡಕ್ಕೆ ಹನಿಯೂ ಉಳಿದಿರಲಿಲ್ಲ. ಅವಳು ಗಿಣ್ಣುಹಾಲು ಕರೆದಳು. ಮೊದಲ ಗಿಣ್ಣು ಬೆಟ್ಟದಮ್ಮನಿಗೆ ಮೀಸಲು, ಯಾರೂ ಬೆರಳು ಅದ್ದುವಂತಿಲ್ಲ. ಕಾಟಮ್ಮ ಅದನ್ನೇ ಅಂಗೈಗೆ ಸುರಿದುಕೊಂಡು ಎಲೆಎಲೆಗೂ ಸವರಿದಳು.

"ಅಯ್ಯಯ್ಯೋ, ಅಮ್ಮನ ಪಾಲು ಗಿಡಕ್ಕೆ ಬಳೀತೀಯಾ? ಕಣ್ಣು ಹೋಗುತ್ತೆ!" ಗಾಳಿ ಬೊಬ್ಬೆ ಹಾಕಿತು.

"ಹೋದರೆ ಹೋಗಲಿ. ಇವತ್ತು ನನ್ನ ಪಾಲಿಗೆ ಬೆಟ್ಟದಮ್ಮ ಇವಳೇ."

ಸೂರ್ಯ ಮತ್ತೆ ನೀರು ಹೀರಲು ಬಗ್ಗಿದ. ನಾಲಗೆ ಗಿಣ್ಣಿಗೆ ಅಂಟಿಕೊಂಡಿತು. "ಥೂ, ಏನಿದು ಅಂಟು!" ಎಂದು ಹಿಂದೆ ಸರಿದ. ಒಳಗಿನ ನೀರು ಒಳಗೇ ಉಳಿಯಿತು, ಎಲೆಗಳು ಮೆಲ್ಲಗೆ ಅರಳಿದವು. ಪಕ್ಕದ ಕವಳೆ ಗಿಡ ಎಚ್ಚರಗೊಂಡು "ನನಗೂ ಒಂಚೂರು ಅಕ್ಕಾ" ಎಂದಿತು. ಕೈಯಲ್ಲಿ ಉಳಿದದ್ದನ್ನು ಕಾಟಮ್ಮ ಅದಕ್ಕೂ ಒರೆಸಿದಳು.

ಬಿಳಿಚುಕ್ಕಿ ಎದ್ದು ನಿಂತಿತು. ಹೆತ್ತ ಹೊಟ್ಟೆ, ಹಸಿವೋ ಹಸಿವು. ಮೂಗಿನ ಮುಂದೆಯೇ ಹಸಿರು ಸೊಪ್ಪು. ಮೂಸಿ ನೋಡಿ ಮುಖ ತಿರುಗಿಸಿತು. "ನನಗೆ ನೆರಳಾದವಳಿಗೆ ನಾನು ಬಾಯಿ ಹಾಕಲ್ಲ. ನನ್ನ ಮಕ್ಕಳು ಮರಿಮಕ್ಕಳೂ ಹಾಕಲ್ಲ."

ಅದಕ್ಕೇ ನೋಡು, ಬೇಸಿಗೆಯಲ್ಲಿ ಬೆಟ್ಟವೆಲ್ಲ ಬೋಳಾದರೂ ಬಂದರಿಕೆ, ಕವಳೆ ಎರಡೂ ಹಸಿರಾಗಿಯೇ ಇರುತ್ತವೆ. ಬಂದರಿಕೆಯ ಎಲೆ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಆದರೂ ಆಡುಸೋಗೆಯನ್ನು ಅದು ಕಹಿಯೆಂದು ಬಿಡುತ್ತದೆ. ಬಂದರಿಕೆಯನ್ನು ಮಾತ್ರ ಇವತ್ತಿಗೂ ಋಣಕ್ಕೆ ಬಿಡುತ್ತದೆ.