ಕೆನ್ನೆಯ ಮೇಲೆ ಕಣ್ಣಿದ್ದ ಇಡ್ಲಿ

ಪುಟ್ಟ ನೇಸರಳಿಗೆ ಅಂದು ನಾಲ್ಕು ವರ್ಷ ತುಂಬಿತ್ತು. ಮೇಜಿನ ನಡುವೆ ಕೂತಿದ್ದ ಬೇಕರಿ ಕೇಕು ಪಕ್ಕದ ತಟ್ಟೆಯ ಇಡ್ಲಿಯನ್ನು ಕಂಡು ಮೂಗು ಮುರಿಯಿತು. ಇಡ್ಲಿಗೆ ಮೊಲದ ಹಾಗೆ ಕ್ಯಾರೆಟ್ಟಿನ ಕಿವಿ, ಒಣದ್ರಾಕ್ಷಿಯ ಕಣ್ಣು. ಒಂದು ಕಣ್ಣು ಮಾತ್ರ ಕೆನ್ನೆಯ ಮೇಲಿತ್ತು.

“ಇದೇನು ಅವತಾರ? ನೀನು ಬೆಳಗಿನ ತಿಂಡಿ. ನೆಂಟರು ಬರುವ ಮೊದಲು ಅಡುಗೆಮನೆಗೆ ನಡೆ.”

“ನಡೆಯುವುದಿಲ್ಲ,” ಎಂದಿತು ಇಡ್ಲಿ. “ಹಿಟ್ಟು ರುಬ್ಬಿದ್ದು ಅಜ್ಜಿ, ಕಿವಿ ಕತ್ತರಿಸಿದ್ದು ಅಪ್ಪ, ಕಣ್ಣು ಅಂಟಿಸಿದ್ದು ಮಗುವೇ. ನನ್ನನ್ನು ಎಬ್ಬಿಸಲು ನೀನ್ಯಾರು?”

“ನನ್ನ ಮೇಲಿನ ಕ್ರೀಮಿನ ಗುಲಾಬಿ ನೋಡು. ಒಂದು ಎಸಳೂ ಸೊಟ್ಟಗಿಲ್ಲ.”

“ನೋಡುತ್ತಿದ್ದೇನೆ, ಈ ಸೊಟ್ಟ ಕಣ್ಣಿನಿಂದಲೇ. ಆದರೂ ಜಾಗ ಬಿಡುವುದಿಲ್ಲ.”

ಅಷ್ಟರಲ್ಲಿ ಮಕ್ಕಳು ನುಗ್ಗಿದರು. ನೇಸರ ತಟ್ಟೆಯೆತ್ತಿ, “ಈ ಮೊಲಕ್ಕೆ ಕಣ್ಣು ಅಂಟಿಸಿದ್ದು ನಾನೇ!” ಎಂದು ಕೂಗಿದಳು. “ನಂಗೂ ಒಂದು ಇಡ್ಲಿ ಕೊಡು, ನಾನೂ ಅಂಟಿಸ್ತೀನಿ” ಎನ್ನುತ್ತ ಎಲ್ಲರೂ ಒಣದ್ರಾಕ್ಷಿಯ ಬಟ್ಟಲಿಗೆ ಮುಗಿಬಿದ್ದರು.

ಒಬ್ಬಳು ಕೇಕಿನತ್ತ ಬೆರಳು ತೋರಿಸಿದಳು. “ಇದನ್ನ ಯಾರು ಮಾಡಿದ್ದು?”

ನೇಸರ ತಿರುಗಿಯೂ ನೋಡಲಿಲ್ಲ. “ಗೊತ್ತಿಲ್ಲ. ಡಬ್ಬಿಯಲ್ಲಿ ಬಂತು.”