ಆಚೆ ದಂಡೆಯ ಗಂಟೆ

ಹೊಳೆಯ ಈಚೆ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಮೋನಪ್ಪಜ್ಜ ಎಂಬ ಗುರುಗಳಿದ್ದರು. ಸುತ್ತಲಿನ ಜನ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅವರಿಗೆ ರಾಚೋಟಿ ಎಂಬ ಶಿಷ್ಯನಿದ್ದ. ಕಂಚುಗಾರರ ಮನೆಯವನು. ವಯಸ್ಸು ಮೂವತ್ತು ದಾಟಿತ್ತು. ಕೈಗೆ ಕೆಲಸವಿಲ್ಲದ ದಿನ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಆಶ್ರಮಕ್ಕೊಂದು ದೋಣಿಯಿತ್ತು. ಅದನ್ನು ನಡೆಸುವವನು ಅಂಬಿಗ ಬರಮಪ್ಪ. ಆಚೆ ಊರಿನವರು ಸಂತೆಗೋ ಔಷಧಿಗೋ ನೆಂಟರ ಮನೆಗೋ ಈಚೆ ಬರಬೇಕಾದರೆ, ದಂಡೆಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಬೇಕಿತ್ತು. ಗಾಳಿ ಎದುರಾದರೆ ಕೂಗು ಅರ್ಧ ಹೊಳೆಯನ್ನೂ ದಾಟುತ್ತಿರಲಿಲ್ಲ. ಅದಕ್ಕೇ ಬರಮಪ್ಪ, ಯಾರು ಕೂಗಲಿ ಬಿಡಲಿ, ದಿನಕ್ಕೆ ನಾಲ್ಕು ಸಲ ಆಚೆ ಹೋಗಿ ನೋಡಿಕೊಂಡು ಬರುತ್ತಿದ್ದ.

ರಾಚೋಟಿಗೆ ಇದು ಸರಿ ಕಾಣಲಿಲ್ಲ. ಕುಲುಮೆ ಹೂಡಿ ಒಂದು ಕಂಚಿನ ಗಂಟೆ ಎರಕ ಹೊಯ್ದ. ಆಚೆ ದಂಡೆಯ ಅರಳಿಮರ ಎತ್ತರವಿತ್ತು. ಅದಕ್ಕೆ ಗಂಟೆ ಕಟ್ಟಿ ಹಗ್ಗ ಇಳಿಬಿಟ್ಟ. ಹಗ್ಗ ಜಗ್ಗಿದರೆ ಸಾಕು, ನಾದ ಹೊಳೆ ದಾಟಿ ಆಶ್ರಮದ ಅಂಗಳಕ್ಕೇ ಬಂದು ಬೀಳುತ್ತಿತ್ತು.

ಅಂದಿನಿಂದ ಬರಮಪ್ಪ ಸುಮ್ಮಸುಮ್ಮನೆ ಹೋಗಿಬರುವುದನ್ನು ಬಿಟ್ಟ. ಗಂಟೆ ಕೇಳಿದರೆ ಹೋಗುತ್ತಿದ್ದ. ಕೇಳದಿದ್ದರೆ ಹೊಂಗೆಯ ನೆರಳಲ್ಲಿ ಬಲೆ ಹೆಣೆಯುತ್ತ ಕೂರುತ್ತಿದ್ದ.

ಗಂಟೆಯೇನೋ ಆಯಿತು. ಅದು ಜನಕ್ಕೆ ಒಗ್ಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ರಾಚೋಟಿ ಮೊದಲು ಒಂದು ಮರಳಿನ ಗಡಿಯಾರ ಮಾಡಿದ. ಗಂಟೆ ಬಾರಿಸಿದ ಮೇಲೆ ಜನ ಎಷ್ಟು ಹೊತ್ತು ಕಾಯುತ್ತಾರೆ ಎಂದು ಅದರಿಂದ ಅಳೆದ. ಆಮೇಲೆ ಹನ್ನೆರಡು ಪ್ರಶ್ನೆ ಬರೆದುಕೊಂಡು ದೋಣಿಯಿಂದ ಇಳಿದವರನ್ನೆಲ್ಲ ನಿಲ್ಲಿಸಿ ಕೇಳಿದ. ಅದೂ ಸಾಲದೆಂದು ಈಚೆ ದಂಡೆಯಲ್ಲಿ ಎರಡು ಗಡಿಗೆ ಇಟ್ಟ. ಗಂಟೆ ಇಷ್ಟವಾದವರು ಬಿಳಿ ಗಡಿಗೆಗೆ ಒಂದು ಹುಣಸೆಬೀಜ ಹಾಕಬೇಕು, ಇಷ್ಟವಾಗದವರು ಕರಿ ಗಡಿಗೆಗೆ.

ಮೂರು ತಿಂಗಳಾದ ಮೇಲೆ ಬಿಳಿ ಗಡಿಗೆಯನ್ನು ಎತ್ತಿಕೊಂಡು ಗುರುಗಳ ಬಳಿ ಬಂದ. ಅಜ್ಜಾರು ಅಂಗಳ ಗುಡಿಸುತ್ತಿದ್ದರು.

"ಅಜ್ಜಾರ, ಬಿಳಿ ಗಡಿಗಿ ತುಂಬೇತಿ. ಕರಿ ಗಡಿಗ್ಯಾಗ ಒಂದು ಬೀಜಾನೂ ಇಲ್ಲ!"

"ಭಾಳ ಚಲೋ ಆತು."

"ಅದ ನನಗ ಅನುಮಾನ. ಎಲ್ಲಾರೂ ಚಲೋ ಅಂದ್ರ ಅದನ್ನ ಹೆಂಗ ನಂಬೂದು? ಆಶ್ರಮದವ ಕೇಳ್ಯಾನ ಅಂತ ಮುಖ ನೋಡಿ ಹೇಳಿರಬೇಕು."

"ಇರಬಹುದು."

"ಪಟ್ಟಣದಾಗ ಒಬ್ಬ ಪಂಡಿತರು ಅದಾರಂತ. ನಾಡಿ ಹಿಡದು, ಬಾಯಿ ಹೇಳಿದ್ದನ್ನ ಮನಸ್ಸು ಒಪ್ಪೇತೋ ಇಲ್ಲೋ ತಿಳಿಯೋ ವಿದ್ಯೆ ಕಲಸ್ತಾರಂತ. ಮೂರು ದಿನದ ದಾರಿ. ಹೋಗಿಬರ್ಲೇನ್ರಿ? ಇಲ್ಲಾ, ಮರಳು, ಬೀಜ, ಪ್ರಶ್ನೆ, ಇದರಾಗ ಯಾವುದು ಶ್ರೇಷ್ಠ ಅಂತ ನೀವ ಹೇಳಿಬಿಡ್ರಿ."

ಅಜ್ಜಾರು ಕೈಯಲ್ಲಿದ್ದ ಕಸಬರಿಗೆಯನ್ನು ಅವನಿಗೆ ಕೊಟ್ಟರು.

"ಈ ಮೂಲಿ ಅಷ್ಟು ಗುಡಿಸು."

ರಾಚೋಟಿ ಗುಡಿಸಿದ. ಕಸಬರಿಗೆ ನೆಲ ಕೆರೆಯಿತು. ಕಸ ಇದ್ದಲ್ಲೇ ಇತ್ತು.

"ಇದು ಪೂರ್ತಿ ಸವದೈತ್ರಿ."

"ಹೌದಲ್ಲ. ಹೊಸಾದೊಂದು ತಗೊಂಡು ಬಾ. ಆಮ್ಯಾಲೆ ಪಟ್ಟಣಕ್ಕ ಹೋಗಂತಿ."

"ಸಂತ್ಯಾಗಿಂದ ತರ್ಲೇನು?"

"ಬ್ಯಾಡ. ಹುಲಿಗೆವ್ವನ ಕಸಬರಿಗಿನ ಬೇಕು. ಆಚೆ ಊರಾಕಿ. ಅಮಾಸಿಗೊಮ್ಮೆ ತಾನ ತಂದು ಕೊಡ್ತಿದ್ದಳು. ಮೂರು ಅಮಾಸಿ ಆತು, ಬಂದಿಲ್ಲ."

ನಾಡಿವಿದ್ಯೆ ಕೇಳಿದರೆ ಕಸಬರಿಗೆ ತರಲು ಕಳಿಸುತ್ತಾರಲ್ಲ ಎಂದು ರಾಚೋಟಿಗೆ ಒಳಗೊಳಗೇ ಬೇಸರವಾಯಿತು. ಆದರೂ ಹೋಗಿ ದೋಣಿ ಹತ್ತಿದ.

ಬರಮಪ್ಪ ಅವನನ್ನು ಆಚೆ ದಂಡೆಗೆ ಇಳಿಸಿದವನೇ ದೋಣಿ ತಿರುಗಿಸಿದ.

"ಕೆಲಸ ಮುಗಿದ ಮ್ಯಾಲೆ ಗಂಟಿ ಬಾರಿಸು, ಬರ್ತೀನಿ," ಎಂದು ಹಾಡು ಹೇಳಿಕೊಳ್ಳುತ್ತ ಹುಟ್ಟು ಹಾಕಿದ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದಂತಾಯಿತು. ರಾಚೋಟಿ ತಿರುಗಿ ನೋಡಿದ. ಜಾಲಿಯ ಮರೆಯಿಂದ ಒಬ್ಬ ಮುದುಕಿ ಎದ್ದು ಬರುತ್ತಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು. ಮೊಣಕಾಲು ಸಹಕರಿಸುತ್ತಿರಲಿಲ್ಲ. ಅವಳು ನೀರಿನ ಅಂಚಿಗೆ ಬರುವಷ್ಟರಲ್ಲಿ ದೋಣಿ ನಡುಹೊಳೆಯಲ್ಲಿತ್ತು. ಮತ್ತೊಮ್ಮೆ ಕೂಗಿದಳು. ಕೂಗನ್ನು ಗಾಳಿ ಊರ ಕಡೆಗೇ ಹೊತ್ತೊಯ್ದಿತು.

"ಇದೂ ಹೋತು," ಎಂದು ಮುದುಕಿ ಅಲ್ಲೇ ಕುಳಿತಳು.

"ಯವ್ವಾ, ಗಂಟಿ ಐತಲ್ಲ. ಬಾರಿಸಬೇಕಿಲ್ಲೇನು?"

"ಯಾರಾರ ಬರ್ತಾರಪಾ. ಬಂದವರು ಬಾರಿಸ್ತಾರ."

"ಎಷ್ಟೊತ್ತಾತು ಬಂದು?"

"ಹೊತ್ತು ಹುಟ್ಟೂದಕ್ಕ ಬಂದೀನಿ."

ರಾಚೋಟಿ ತಲೆಯೆತ್ತಿ ನೋಡಿದ. ಸೂರ್ಯ ನೆತ್ತಿಗೆ ಬರುವುದರಲ್ಲಿದ್ದ. ಅವನ ಗಡಿಯಾರದ ಮರಳು ಬೀಳಲು ಶುರುವಾಗುತ್ತಿದ್ದುದು ಗಂಟೆ ಬಾರಿಸಿದ ಮೇಲೆ. ಈ ಮುದುಕಿ ಕಾದ ಹೊತ್ತು ಅದರಲ್ಲಿ ಒಂದು ಕಾಳಿನಷ್ಟೂ ಬಿದ್ದಿರಲಿಲ್ಲ.

"ನಿನ್ನ ಹೆಸರೇನವ್ವಾ?"

"ಹುಲಿಗೆವ್ವ. ಕಸಬರಿಗಿ ಕಟ್ತೀನಿ."

ರಾಚೋಟಿ ಅವಳ ಪಕ್ಕದಲ್ಲೇ ಕುಳಿತ.

ಮುದುಕಿಯ ಮಗಳನ್ನು ಕೊಟ್ಟಿದ್ದು ಈಚೆ ಊರಿಗೆ. ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಿತ್ತು. ಹೆಣ್ಣು ಕೂಸು. ಇಂದು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ.

"ಹಡದಾಳ ಅಂತ ಸುದ್ದಿ ಬಂದಾಗೂ ಓಡಿ ಬಂದಿದ್ದೆ. ಸಂಜಿತನಕ ಇಲ್ಲೇ ಕುಂತೆ. ಅವತ್ತು ಒಂದು ನರಪಿಳ್ಳೆನೂ ಬರಲಿಲ್ಲ. ಮನಿಗೆ ಹೋದೆ. ಅವ್ವಗ ನಾ ಬ್ಯಾಡಾದೆ ಅಂತ ಮಗಳು ಅತ್ತಳಂತ."

ಅವಳು ಗಂಟು ಬಿಚ್ಚಿ ತೋರಿಸಿದಳು. ಕೂಸಿನ ತಲೆಗೆ ಹಾಕುವ ಕುಂಚಿಗೆ. ಹಳೆಯ ಸೀರೆಗಳ ತುಣುಕು ಸೇರಿಸಿ ಹೊಲಿದದ್ದು. ಕೆಂಪು, ಹಸಿರು, ಅರಿಸಿನ, ನವಿಲುಗರಿಯ ಬಣ್ಣ. ಅಂಚಿಗೆ ಸಣ್ಣ ಸಣ್ಣ ಕವಡೆ.

"ಇಷ್ಟೆಲ್ಲಾ ಕಷ್ಟ ಯಾಕವ್ವಾ? ಹಗ್ಗ ಜಗ್ಗಿದ್ರ ಮುಗೀತಿತ್ತಲ್ಲ!"

"ಅದು ಅರಳಿಮರದ ಗಂಟಿ. ದೇವರದು. ಗಂಟಿ ಮುಟ್ಟೋ ರೂಢಿ ನಮ್ಮ ಮಂದಿಗಿಲ್ಲಪಾ."

"ದೇವರದಲ್ಲ, ಇದು ದೋಣಿ ಗಂಟಿ!"

"ಮತ್ತ ಬಾರಿಸಿದವರೆಲ್ಲಾ ಯಾಕ ಕೈ ಮುಗಿತಾರ?"

ರಾಚೋಟಿ ಮರದ ಕಡೆ ನೋಡಿದ. ಬುಡಕ್ಕೆ ಕುಂಕುಮ ಬಳಿದಿತ್ತು. ಹಗ್ಗಕ್ಕೆ ಚೆಂಡುಹೂವಿನ ಸರ ಸುತ್ತಿತ್ತು. ಯಾರೋ ಕಾಯಿ ಒಡೆದ ಚಿಪ್ಪು ಬಿದ್ದಿತ್ತು. ಗಂಟೆ ಕಟ್ಟಿ ಹೋದ ಮೇಲೆ ತಾನು ಒಮ್ಮೆಯೂ ಇತ್ತ ಬಂದಿಲ್ಲವೆಂಬುದು ಆಗ ಅವನಿಗೆ ನೆನಪಾಯಿತು.

"ದೋಣಿ ಗಂಟಿ ಅಂತಾನ ಇಟ್ಕೋ," ಮುದುಕಿ ಮುಂದುವರಿಸಿದಳು. "ಅಜ್ಜಾರ ದೋಣೀನ ನಾ ಗಂಟಿ ಹೊಡದು ಕರಿಯೂದಾ? ಅವರೇನು ನನ್ನ ಆಳಾ?"

ಹನ್ನೆರಡು ಪ್ರಶ್ನೆಗಳಲ್ಲಿ ಯಾವುದಕ್ಕೂ ಇದು ಉತ್ತರವಾಗಿರಲಿಲ್ಲ.

ರಾಚೋಟಿ ಎದ್ದು ಹಗ್ಗಕ್ಕೆ ಕೈಹಾಕಿದ. ಜಗ್ಗಲಿಲ್ಲ. ತಾನು ಬಾರಿಸಿದರೆ ಮುದುಕಿ ಇಂದು ದಾಟುತ್ತಾಳೆ. ಮುಂದಿನ ಸಲ?

"ಯವ್ವಾ, ಈ ಗಂಟಿ ಮಾಡಿದಾವ ನಾನ. ನಾ ಹೇಳ್ತೀನಿ, ನೀ ಬಾರಿಸು."

"ಒಲ್ಲೆಪಾ. ನೀ ಹೊಳಿ ದಾಟಿ ಹೋಗ್ತಿ. ಬೈಸಿಕೊಳ್ಳಾಕಿ ನಾನು."

ರಾಚೋಟಿ ಹಗ್ಗ ಬಿಟ್ಟ. ಆಮೇಲೆ, ಎಲ್ಲೂ ಬರೆದುಕೊಂಡಿರದ ಒಂದು ಪ್ರಶ್ನೆ ಕೇಳಿದ.

"ನೀ ಕಟ್ಟೂದಾಗಿದ್ರ ಎಲ್ಲಿ ಕಟ್ಟತಿದ್ದಿ?"

ಮುದುಕಿಗೆ ನಗು ಬಂತು. "ನನ್ನನ್ನ ಯಾರು ಕೇಳ್ತಾರ?"

"ನಾ ಕೇಳಾಕತ್ತೀನಲ್ಲ."

ಅವಳು ಅವನ ಮುಖ ನೋಡಿದಳು. ತಮಾಷೆಯಲ್ಲ ಎಂದು ಖಾತ್ರಿಯಾದ ಮೇಲೆ ಬೆರಳು ತೋರಿಸಿದಳು.

"ಅಗೋ, ದೋಣಿ ಕಟ್ಟೋ ಗೂಟ. ಅದನ್ನ ಎಲ್ಲಾರೂ ಮುಟ್ಟತಾರ. ಅದಕ್ಕ ಯಾರೂ ಕುಂಕುಮ ಹಚ್ಚಂಗಿಲ್ಲ. ತೆಳಗ ಕಟ್ಟು. ಹೊರಿ ಹೊತ್ತ ಹೆಣ್ಮಕ್ಕಳಿಗೆ ಕೈ ಎತ್ತೂದು ಆಗೂದಿಲ್ಲ. ಹೊರಿ ಇಳಸಿದ್ರ ಮತ್ತ ತಲಿಗೆ ಏರಸಾಕ ಯಾರು ಬರ್ತಾರ? ಮತ್ತ, ಅದರ ಮೈ ಅಷ್ಟು ತಿಕ್ಕಿ ಹೊಳಿಸಬ್ಯಾಡ. ಎತ್ತಿನ ಕೊಳ್ಳಾಗಿನ ಗಂಟಿ ಹೊಳೀತೈತೇನು? ಅದನ್ನ ನಾ ದಿನಾ ಮುಟ್ಟತೀನಿ."

ರಾಚೋಟಿ ಧೋತರ ಎತ್ತಿ ಕಟ್ಟಿ ಮರ ಹತ್ತಿದ. ಸದ್ದಾಗದಂತೆ ಗಂಟೆಯ ನಾಲಗೆಗೆ ಹೆಗಲ ಮೇಲಿನ ವಲ್ಲಿ ಸುತ್ತಿ ಬಿಚ್ಚಿದ. ಹೂವಿನ ಸರವನ್ನು ಮರದ ಬುಡಕ್ಕೇ ಇಟ್ಟು ಕೈಮುಗಿದ. ಗಂಟೆಯನ್ನು ಗೂಟಕ್ಕೆ, ಸೊಂಟದ ಎತ್ತರಕ್ಕೆ ಕಟ್ಟಿದ. ಹೊಳೆಯ ಕೆಸರು ತೆಗೆದು ಅದರ ಮೈಗೆಲ್ಲ ಬಳಿದ. ಎರಡು ತಿಂಗಳು ತಿಕ್ಕಿ ಹೊಳಪು ತಂದಿದ್ದ ಗಂಟೆ ಅದು. ಬಳಿಯುವಾಗ ಅವನಿಗೆ ಯಾಕೋ ಖುಷಿಯೇ ಆಯಿತು.

"ಈಗ?"

ಹುಲಿಗೆವ್ವ ಊರ ದಾರಿ ನೋಡಿದಳು. ಯಾರೂ ಇರಲಿಲ್ಲ. ಒಂದು ಬೆರಳಿನಿಂದ ಹಗ್ಗ ಮುಟ್ಟಿದಳು. ಟಣ್ ಎಂದಿತು. ಕೈ ಸುಟ್ಟವಳಂತೆ ಹಿಂದೆ ಸರಿದಳು.

ಏನೂ ಆಗಲಿಲ್ಲ. ಹೊಳೆ ಹರಿಯುತ್ತಲೇ ಇತ್ತು.

ಮತ್ತೊಮ್ಮೆ ಮುಟ್ಟಿದಳು. ಈ ಸಲ ಇಡೀ ಅಂಗೈಯಿಂದ. ಟಣ್, ಟಣ್. ಹಲ್ಲಿಲ್ಲದ ಬಾಯಿ ಅಗಲವಾಯಿತು.

"ಎಷ್ಟು ಚಂದ ನುಡಿತೈತೋ ಯಪ್ಪಾ!"

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಜಗ್ಗಿ ಜಗ್ಗಿ ಬಾರಿಸಿದಳು. ಸೆರಗು ಜಾರಿತು, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ರಾಚೋಟಿ ಹೊಟ್ಟೆ ಹಿಡಿದುಕೊಂಡು ನಗುತ್ತ ಮರಳಲ್ಲಿ ಕುಳಿತುಬಿಟ್ಟ.

ಈಚೆ ದಂಡೆಯಲ್ಲಿ ಬರಮಪ್ಪ ಹೊಳೆಗೆ ಬೆಂಕಿ ಬಿತ್ತೇನೋ ಎಂಬಂತೆ ಎದ್ದು ಓಡಿಬಂದು ದೋಣಿ ಬಿಟ್ಟ.

ದೋಣಿ ಹತ್ತಿರ ಬಂದಾಗ ಅದರಲ್ಲಿ ಅಜ್ಜಾರೂ ಕುಳಿತಿದ್ದರು.

ಹುಲಿಗೆವ್ವ ನಗು ನುಂಗಿ, ಸೆರಗು ಹೊದ್ದು, ರಾಚೋಟಿಯ ಬೆನ್ನ ಹಿಂದೆ ನಿಂತಳು.

ಅಜ್ಜಾರು ದಂಡೆಗೆ ಇಳಿದರು. "ಯಾರು ಬಾರಿಸಿದ್ರು?"

ಮುದುಕಿ ಸಣ್ಣ ದನಿಯಲ್ಲಿ ಹೇಳಿದಳು: "ನಾನ್ರಿ ಯಪ್ಪಾ."

"ಕರದಿಯಲ್ಲವ್ವಾ, ಬಂದೆ."

ಅಜ್ಜಾರು ಕೈ ನೀಡಿದರು. ಅವಳು ಆ ಕೈ ಹಿಡಿದು ದೋಣಿ ಹತ್ತಿದಳು.

ನಡುಹೊಳೆಯಲ್ಲಿ ಬರಮಪ್ಪ ಹೇಳಿದ: "ಗಂಟಿ ಕೇಳಲಿಲ್ಲ ಅಂದ್ರ ಮಂದಿ ಇಲ್ಲ ಅಂತ ತಿಳಕೊಂಡಿದ್ದೆ, ಯವ್ವಾ. ತಪ್ಪಾತು."

"ನಿನ್ನದೇನು ತಪ್ಪು ಬಿಡು, ಜೋರಾಗಿ ಹುಟ್ಟು ಹಾಕು," ಎಂದಳು ಮುದುಕಿ. "ಹೆಸರಿಟ್ಟುಬಿಟ್ಟಾರು."

ರಾಚೋಟಿ ಗುರುಗಳ ಕಡೆ ಬಾಗಿ ಮೆಲ್ಲಗೆ ಕೇಳಿದ: "ಅಜ್ಜಾರ, ಇದೆಲ್ಲಾ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಇಲ್ಲಪಾ. ಕಸಬರಿಗಿ ಸವದದ್ದು ಅಷ್ಟ ಗೊತ್ತಿತ್ತು."

ಅವರು ಮಗಳ ಮನೆ ಮುಟ್ಟಿದಾಗ ಹೆಂಗಸರು ತೊಟ್ಟಿಲ ಸುತ್ತ ನಿಂತು ಹಾಡುತ್ತಿದ್ದರು. ಹೆಸರು ಇನ್ನೂ ಇಟ್ಟಿರಲಿಲ್ಲ. ಬಾಗಿಲಲ್ಲಿ ತಾಯಿಯನ್ನು ಕಂಡ ಮಗಳು ಮುಖ ತಿರುಗಿಸಿದಳು.

"ಈಗ ನೆನಪಾತೇನು ನಿನಗ?"

ಹುಲಿಗೆವ್ವ ನಡೆದದ್ದನ್ನು ಹೇಳಲು ಬಾಯಿ ತೆರೆದಳು. ರಾಚೋಟಿ ಮುಂದೆ ಬಂದ.

"ತಂಗೀ, ನಿಮ್ಮವ್ವ ಎರಡು ಸಲ ಬಂದು ದಂಡ್ಯಾಗ ತಾಸಗಟ್ಟಲೆ ಕಾದಾಳ. ದಾಟದಂಗ ಆಗಿದ್ದು ನನ್ನಿಂದ. ಬೈಯೂದಿದ್ರ ನನ್ನನ್ನ ಬೈ."

ಮಗಳು ಅವನನ್ನು ನೋಡಿದಳು. ಕೈಯೆಲ್ಲ ಕೆಸರು, ಧೋತರ ಹರಿದಿದೆ, ತಲೆಯಲ್ಲಿ ಅರಳಿಯ ಎಲೆ. ಅವಳ ಸಿಟ್ಟು ಉಳಿಯಲಿಲ್ಲ. ಕಿಸಕ್ಕನೆ ನಕ್ಕಳು. ನಗುತ್ತಲೇ ಅಳುತ್ತ ಕೂಸನ್ನು ತಾಯಿಯ ಮಡಿಲಿಗೆ ಹಾಕಿದಳು.

ಬಣ್ಣಬಣ್ಣದ ಕುಂಚಿಗೆಯಲ್ಲಿ ಕೂಸಿನ ಮುಖ ಕಾಣುತ್ತಿದ್ದುದೇ ಅಂಗೈಯಷ್ಟು. ಅಜ್ಜಿಯೇ ಅದರ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು: ಹೊಳೆವ್ವ. ಮನೆ ತುಂಬ ಚಪ್ಪಾಳೆ. ಅಜ್ಜಾರು ಎರಡು ಸಲ ಹೋಳಿಗೆ ಹಾಕಿಸಿಕೊಂಡರು. ರಾಚೋಟಿ ಲೆಕ್ಕ ಇಡಲಿಲ್ಲ.

ಊಟ ಮುಗಿದು ಗುರುಶಿಷ್ಯರು ಹೊರಬಿದ್ದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ರಾಚೋಟಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅಜ್ಜಾರ, ನಾ ಪಟ್ಟಣಕ್ಕ ಹೋಗಂಗಿಲ್ಲ. ಆ ನಾಡಿವಿದ್ಯೆ ಬ್ಯಾಡ."

"ಯಾಕ? ಅದೂ ಚಲೋ ವಿದ್ಯೇನ. ಆದ್ರ ಕೈ ಸಿಕ್ಕವರ ನಾಡಿ ಅಷ್ಟ ಹಿಡಿಯಾಕ ಬರ್ತೈತಿ."

"ಹಂಗಾರ ಯಾವಾಗ ಯಾವುದನ್ನ ಆರಿಸ್ಕೋಬೇಕ್ರಿ?"

ಅಜ್ಜಾರು ನಡೆಯುತ್ತಲೇ ಇದ್ದರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ನಾಳಿಂದ ಏನು ಮಾಡ್ತಿ?"

"ಆಚೆ ದಂಡ್ಯಾಗ ಹೋಗಿ ಕುಂಡರ್ತೀನಿ. ದಂಡಿಗೆ ಬಂದವರನ್ನ ಒಬ್ಬರನ್ನೂ ಬಿಡದಂಗ ಕೇಳ್ತೀನಿ!"

"ದಂಡಿತನಕಾನೂ ಬರದವರನ್ನ?"

ರಾಚೋಟಿ ನಿಂತುಬಿಟ್ಟ.

ದಾರಿ ಅಲ್ಲಿ ಎರಡಾಗಿತ್ತು. ಒಂದು ಆಶ್ರಮಕ್ಕೆ, ಇನ್ನೊಂದು ದೋಣಿಗೆ. ಅಜ್ಜಾರು ಆಗಲೇ ದೋಣಿಯ ದಾರಿ ಹಿಡಿದಿದ್ದರು. ತಿರುಗಿ ನೋಡದೆ ಕೂಗಿ ಹೇಳಿದರು:

"ನಡಿಯಪಾ! ಹೊಟ್ಟಿ ತುಂಬೇತಿ, ಕಾಲು ಗಟ್ಟಿ ಅದಾವ, ಹೊತ್ತು ಇನ್ನೂ ಐತಿ."