ಆಂಟೆನಾ ಹಿಡಿದ ಕೇಬಲ್ ಮುರಿಗೆಪ್ಪ

ದಾವಣಗೆರೆಯ ನಮ್ಮ ವಠಾರಕ್ಕೆಲ್ಲ ಸೇರಿ ಮಾಳಿಗೆ ಮೇಲೆ ಒಂದೇ ಆಂಟೆನಾ. ಕೇಬಲ್ ಮುರಿಗೆಪ್ಪನಿಗೆ ಅದನ್ನು ಕಂಡರೆ ಕಣ್ಣುರಿ. "ಈ ಬೀದೀಲಿ ನನ್ನ ವೈರು ಬಿಟ್ರೆ ಬೇರೇದು ಇರಬಾರದು" ಅನ್ನುತ್ತಿದ್ದ. ಪೈಪೋಟಿಗೆ ಬಂದ ಇನ್ನೊಬ್ಬ ಕೇಬಲ್‌ನವನ ಕೈ ಮುರಿಸಿದವನು ಅವನೇ.

ಆಂಟೆನಾ ಕೀಳುತ್ತೇನೆಂದು ಸಾರಿದ್ದಂತೆಯೇ ಭಾನುವಾರ ಹಾರೆ ಹಿಡಿದು ಆಳುಗಳ ಸಮೇತ ಬಂದೇಬಿಟ್ಟ. ಬಾಗಿಲುಗಳೆಲ್ಲ ಪಟಪಟ ಮುಚ್ಚಿದವು. ಮಂಡಕ್ಕಿ ಮಾರುವ ಹಾಲಮ್ಮ ಮಾತ್ರ ಅಂಗಳಕ್ಕೆ ಟಿವಿ ತಂದಿಟ್ಟು ಕೂತಿದ್ದಳು. ಮುರಿಗೆಪ್ಪನ ಕೇಬಲ್ಲಿನಲ್ಲಿ ಬಾರದ ಕ್ರಿಕೆಟ್ ಮ್ಯಾಚು, ಕೊನೆಯ ಓವರುಗಳು. ಆದರೆ ಪರದೆ ತುಂಬ ಚುಕ್ಕಿ. ಆಂಟೆನಾ ಕಂಬದ ಕಟ್ಟನ್ನು ಬೆಳಿಗ್ಗೆಯೇ ಸಡಿಲಿಸಿದ್ದವಳೂ ಅವಳೇ.

ಮುರಿಗೆಪ್ಪ ಮಾಳಿಗೆ ಹತ್ತಿ ಕಂಬಕ್ಕೆ ಕೈ ಹಾಕಿದ.

"ಅಣ್ಣಾರೆ, ಅಲ್ಲಾಡಬ್ಯಾಡ್ರಿ! ನೀವು ಹಿಡಿದ್ರಿ, ಚಿತ್ರ ಬಂತು! ಸಿಕ್ಸೂ ಹೋತು!" ಹಾಲಮ್ಮ ಕೂಗಿದಳು.

ಆಳುಗಳು ಓಡಿಬಂದು ಟಿವಿ ಮುಂದೆ ಕುಕ್ಕರಿಸಿದರು.

"ನಿಜವೇನ್ರೋ?" ಮೇಲಿನಿಂದ ಮುರಿಗೆಪ್ಪ.

"ಹೂಂ ಅಣ್ಣಾ!"

ಹಾರೆ ಎತ್ತಲು ಅವನು ಕೈಬಿಟ್ಟ. ಚಿತ್ರ ಹೋಯಿತು. ಮತ್ತೆ ಹಿಡಿಯುವಷ್ಟರಲ್ಲಿ ವಿಕೆಟ್ ಬಿದ್ದಿತ್ತು. ಅವನ ಆಳುಗಳೇ ಅವನನ್ನು ಬೈದರು! ಆಮೇಲೆ ಮುರಿಗೆಪ್ಪ ಕಂಬವನ್ನು ತಬ್ಬಿಕೊಂಡೇ ನಿಂತ.

ನಮ್ಮವರು ಮ್ಯಾಚು ಗೆದ್ದರು. ಮುರಿಗೆಪ್ಪನ ಕಣ್ಣು ಮತ್ತೆ ಕೆಂಪಾಯಿತು, ಹಾರೆ ಎತ್ತಿದ.

"ಕೀಳ್ರಿ ಅಣ್ಣಾರೆ," ಹಾಲಮ್ಮ ಟಿವಿ ಆರಿಸುತ್ತಾ ಅಂದಳು. "ಆದ್ರೆ ನಾಡಿದ್ದು ಫೈನಲ್ಲು. ಆವಾಗ ಏನು ಹಿಡ್ಕಂತೀರಿ?"

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ದೊಡ್ಡ ಮೀಸೆಯವನು ಮಾಳಿಗೆ ಹತ್ತಿ, ಮುರಿಗೆಪ್ಪನ ಕೈಯಿಂದ ಹಾರೆ ಕಿತ್ತುಕೊಂಡ.